ಶಾಲೆಯಂಗಳಕ್ಕೆ ಮಳೆ ಇಳಿಯಲಿ, ತರಗೆಲೆ ಅಲ್ಲೇ ಉಳಿಯಲಿ

ಜಯನಗರ ಮತ್ತು ಬನಶಂಕರಿಯ ನಡುವೆ, ಕನಕಪುರ ರಸ್ತೆಯ ಮಗ್ಗುಲಲ್ಲಿ ಯಡಿಯೂರು ಕೆರೆ ಇದೆ. ಬೆಳಗಿನ ವಾಕಿಂಗ್‌ಗೆ ಬರುವವರಿಗೂ ಗಣೇಶನ ಹಬ್ಬದಲ್ಲಿ ಅಲ್ಲಿನ ಕಲ್ಯಾಣಿಯಲ್ಲಿ ಮೂರ್ತಿ ಬಿಡಲು ಬರುವವರಿಗೂ ಅದು ಚಿರಪರಿಚಿತ. ಯಡಿಯೂರು ಹಳ್ಳಿ ಹೋಗಿ ವಾರ್ಡ್ ಆದ ಮೇಲೂ ಕೆರೆಯೇನೋ ಉಳಿದುಕೊಂಡಿತು. ಸುತ್ತಮುತ್ತ ಮಳೆನೀರು ಇಂಗುತ್ತಿದ್ದ ಮಣ್ಣು ಮಾತ್ರ ಬಹುಪಾಲು ಕಾಂಕ್ರೀಟಿನಡಿ ಸೇರಿಹೋಯಿತು. ಇಂಥ ಬಡಾವಣೆಯಲ್ಲಿ ಒಂದಿಷ್ಟು ತೆರೆದ ನೆಲ ಇನ್ನೂ ಸಿಗುವ ಜಾಗಗಳಲ್ಲಿ ಶಾಲೆಯ ಅಂಗಳವೂ ಒಂದು. ಆ ನೆಲದಲ್ಲಿ ಏನು ಬೆಳೆಸಬೇಕು, ಹೇಗೆ ಬೆಳೆಸಬೇಕು ಎಂಬುದು ಅದಕ್ಕೇ ದೊಡ್ಡ ಪ್ರಶ್ನೆ.

ಶಾಲೆಯ ಕೈತೋಟ ಎಂದೊಡನೆ ಕಣ್ಣಿಗೆ ಬರುವ ಚಿತ್ರ ಬಹಳ ಕಡೆ ಒಂದೇ: ಗೇಟಿನ ಪಕ್ಕ ಕ್ರೋಟನ್ ಕುಂಡಗಳು, ನಡುವೆ ಲಾನು, ಜತೆಗೆ ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ. ಇದು ನೀರು ಬೇಡುವ, ಮಕ್ಕಳನ್ನು ದೂರ ಇಡುವ ತೋಟ. ಪರಿಸರಸ್ನೇಹಿ ತೋಟದ ಲೆಕ್ಕಾಚಾರವೇ ಬೇರೆ. ಚಾವಣಿಯಿಂದ ಹರಿದುಹೋಗುವ ಮಳೆ, ಗುಡಿಸಿ ಎಸೆಯುವ ಎಲೆ, ಊಟದ ಹೊತ್ತಿನ ಕೈತೊಳೆದ ನೀರು, ಹೀಗೆ ಶಾಲೆ ದಿನವೂ ಕಳೆದುಕೊಳ್ಳುವುದನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ಅದರ ಮೊದಲ ಕೆಲಸ. ಯಾವ ಗಿಡ ಎಂಬ ಮಾತು ಆಮೇಲಿನದು.

ಮೊದಲು ನೀರು

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ನಲ್ಲಿ ನೀರನ್ನೇ ನಂಬಿದ ತೋಟ ಈ ಊರಿನಲ್ಲಿ ಬಾಳುವುದಿಲ್ಲ ಎಂಬುದು ಆ ಬೇಸಿಗೆಯಲ್ಲಿ ಖಚಿತವಾಯಿತು.

ಹಾಗೆಂದು ಬೆಂಗಳೂರಿಗೆ ಮಳೆಯ ಬರವೇನೂ ಇಲ್ಲ. ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಬೀಳುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಅಂದರೆ 100 ಚದರ ಮೀಟರಿನ ಸಣ್ಣ ಚಾವಣಿಯ ಮೇಲೂ ವರ್ಷಕ್ಕೆ 97,000 ಲೀಟರ್ ಸುರಿಯುತ್ತದೆ. ಐದನೇ ಒಂದು ಪಾಲು ಪೋಲಾದರೂ 77,000 ಲೀಟರಿಗೂ ಹೆಚ್ಚು ಕೈಗೆ ಸಿಗುತ್ತದೆ. ಆರನೇ ತರಗತಿಯ ಮಕ್ಕಳು ತಮ್ಮದೇ ಶಾಲೆಯ ಚಾವಣಿಯನ್ನು ಟೇಪು ಹಿಡಿದು ಅಳೆದು ಮಾಡಬಹುದಾದ ಲೆಕ್ಕ ಇದು.

ಲೆಕ್ಕ ಕಾರ್ಯರೂಪಕ್ಕೆ ಬರುವುದನ್ನು ನೋಡಲು ಯಡಿಯೂರಿನ ಮಕ್ಕಳು ದೂರ ಹೋಗಬೇಕಿಲ್ಲ. ಜಲಮಂಡಳಿಯ ‘ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್’ ಪಕ್ಕದ ಜಯನಗರದಲ್ಲೇ ಇದೆ. ಚಾವಣಿ ನೀರನ್ನು ಸೋಸುವ, ಸಂಪ್‌ಗೆ ತುಂಬಿಸುವ, ನೆಲಕ್ಕೆ ಇಂಗಿಸುವ ಬಗೆಬಗೆಯ ಮಾದರಿಗಳು ಅಲ್ಲಿವೆ. ಕರ್ನಾಟಕದಲ್ಲಿ ಶಾಲೆಗೂ ಮಳೆನೀರಿಗೂ ನಂಟು ಹಳೆಯದು. ‘ಸುವರ್ಣಜಲ’ ಯೋಜನೆಯಲ್ಲಿ ರಾಜ್ಯದ ಸಾವಿರಾರು ಗ್ರಾಮೀಣ ಶಾಲೆಗಳ ಚಾವಣಿಗೆ ಮಳೆಕೊಯ್ಲು ಜೋಡಿಸುವ ಕೆಲಸ ನಡೆದಿತ್ತು.

ತೋಟಕ್ಕೆ ಬೇಕಾದ ಏರ್ಪಾಟು ಸರಳ. ಚಾವಣಿಯ ಪೈಪು ಒಂದು ಡ್ರಮ್ಮಿಗೆ ಬರಬೇಕು, ಡ್ರಮ್ಮು ತುಂಬಿ ಹೆಚ್ಚಾದದ್ದು ಜಲ್ಲಿ ತುಂಬಿದ ಇಂಗುಗುಂಡಿಗೆ ಹೋಗಬೇಕು. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿರಲೇಬೇಕು, ಇಲ್ಲದಿದ್ದರೆ ತೋಟದ ಜತೆಗೆ ಡೆಂಗಿಯೂ ಬೆಳೆಯುತ್ತದೆ. ಕೈತೊಳೆಯುವ ನಲ್ಲಿಗಳಿಂದ ಹರಿಯುವ ನೀರಿಗೆ ಬಾಳೆ, ಕೆಸು ಹೇಳಿಮಾಡಿಸಿದ ಗಿಡಗಳು.

ಎಲೆಗೆ ಬೆಂಕಿ ಬೇಡ

ನೀರಾದ ಮೇಲೆ ಮಣ್ಣು. ಹೊಂಗೆ, ಮಳೆಮರಗಳು ಎಲೆ ಉದುರಿಸುವ ಕಾಲಕ್ಕೆ ನಗರದಲ್ಲಿ ಗುಡಿಸಿ ಬೆಂಕಿ ಹಚ್ಚುವ ಕೆಟ್ಟ ರೂಢಿ ಇನ್ನೂ ಹೋಗಿಲ್ಲ. ಆ ಹೊಗೆ ಮೊದಲು ಸೇರುವುದು ಮಕ್ಕಳ ಎದೆಗೇ. ಅದೇ ಎಲೆಯನ್ನು ತಂತಿಬಲೆಯ ತೊಟ್ಟಿಗೆ ತುಂಬಿ, ನಡುನಡುವೆ ಸೆಗಣಿನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ಆಗಾಗ ಮಗುಚುತ್ತಿದ್ದರೆ ಕೆಲವೇ ತಿಂಗಳಲ್ಲಿ ಕಪ್ಪಗಿನ ಎಲೆಗೊಬ್ಬರ ಸಿದ್ಧ. ಹಿಡಿಯಷ್ಟು ಎತ್ತಿ ಹಿಂಡಿದರೆ ಉಂಡೆಯಾಗಬೇಕು, ನೀರು ಮಾತ್ರ ತೊಟ್ಟಿಕ್ಕಬಾರದು. ಒಳಗಿನ ತೇವ ಸರಿಯಾಗಿದೆ ಎಂದು ತಿಳಿಯಲು ಅಷ್ಟು ಸಾಕು.

ಬೆಂಗಳೂರಿನ ಅನೇಕ ಸರ್ಕಾರಿ ಶಾಲೆಗಳಿಗೆ ಬಿಸಿಯೂಟ ಹೊರಗಿನ ದೊಡ್ಡ ಅಡುಗೆಮನೆಗಳಿಂದ ಬರುತ್ತದೆ. ಹಾಗಾಗಿ ಗೊಬ್ಬರಕ್ಕೆ ಹಾಕಲು ತರಕಾರಿ ಸಿಪ್ಪೆ ಶಾಲೆಯಲ್ಲಿ ಸಿಗದಿದ್ದರೆ ಅಕ್ಕಪಕ್ಕದ ಮನೆಗಳಿಂದ ತರಿಸಬಹುದು. ಗೊಬ್ಬರ ಮಾಡುವ ಬಗೆಗಳನ್ನು ಕಣ್ಣಾರೆ ಕಂಡು ಕಲಿಯಲು ಎಚ್.ಎಸ್.ಆರ್. ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರವಿದೆ.

ಮಕ್ಕಳ ಕೈ ಅಳತೆ

ಇನ್ನು ನಕ್ಷೆ. ಒಂದು ದಿನ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಕಟ್ಟಡದ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಮಕ್ಕಳೇ ಸುಣ್ಣದಲ್ಲಿ ಗುರುತು ಹಾಕಲಿ. ಐದಾರು ಗಂಟೆ ಬಿಸಿಲು ಬೀಳುವ ಕಡೆ ತರಕಾರಿ ಮಡಿ, ಅರೆನೆರಳಿನಲ್ಲಿ ಒಂದೆಲಗ, ದೊಡ್ಡಪತ್ರೆ. ಮಡಿ ಮೂರಡಿಗಿಂತ ಅಗಲ ಬೇಡ. ಆಗ ಚಿಕ್ಕ ಮಕ್ಕಳೂ ಎರಡೂ ಬದಿಯಿಂದ ಕೈಚಾಚಿ ನಡುವಿನ ಕಳೆ ಕೀಳಬಹುದು, ಮಣ್ಣು ತುಳಿಯುವ ಪ್ರಮೇಯವಿಲ್ಲ. ಒಂದು ಕಟ್ಟೆ ಎತ್ತರವಾಗಿದ್ದು, ಅದರ ದಾರಿ ಅಗಲವಾಗಿದ್ದರೆ ಗಾಲಿಕುರ್ಚಿಯ ಮಗುವಿಗೂ ಮಣ್ಣು ಸಿಗುತ್ತದೆ.

ಆಲ, ಅರಳಿ ಚಿಕ್ಕ ಕಾಂಪೌಂಡಿಗೆ ಹೊಂದುವುದಿಲ್ಲ. ಬೇರು ಗೋಡೆಯನ್ನೇ ಸೀಳುತ್ತದೆ. ಪಡುವಣ ಬಿಸಿಲಿಗೆ ಅಡ್ಡವಾಗಿ ಒಂದು ಹೊಂಗೆ, ಬೇಲಿಯುದ್ದಕ್ಕೂ ನೆಲ್ಲಿ, ಸೀಬೆ, ನುಗ್ಗೆ ಬರಬಹುದು. ಎಷ್ಟೇ ಚೆಂದದ ಹೂವಾದರೂ ಕಣಗಿಲೆ ಬೇಡ, ಅದರ ಪ್ರತಿ ಭಾಗವೂ ವಿಷ.

ಕರಿಬೇವು ಮತ್ತು ನಿಂಬೆಗೆ ಮಾತ್ರ ಜಾಗ ಇಡಲೇಬೇಕು. ನಿಂಬೆಚಿಟ್ಟೆ ಮೊಟ್ಟೆಯಿಡುವುದು ಇವುಗಳ ಎಳೆ ಎಲೆಯ ಮೇಲೆ. ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ, ಹಕ್ಕಿಗಳು ಮೋಸ ಹೋಗಲಿ ಎಂದು. ಬೆಳೆದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಅಂಗವೊಂದು ಫಕ್ಕನೆ ಹೊರಬಂದು ಗಾಟು ವಾಸನೆ ಬೀರುತ್ತದೆ. ಇದನ್ನು ಒಮ್ಮೆ ಕಂಡ ಮಕ್ಕಳಿಗೆ ನಾಲ್ಕು ಎಲೆ ತೂತಾದರೆ ಔಷಧಿ ಹೊಡೆಯಬಾರದು ಏಕೆ ಎಂದು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಮರಗಳನ್ನು ಗಮನಿಸುವುದಕ್ಕೂ ದಾರಿಯಿದೆ. ‘ಸೀಸನ್‌ವಾಚ್’ ಯೋಜನೆಯಲ್ಲಿ ದೇಶದ ಶಾಲಾಮಕ್ಕಳು ಒಂದೊಂದು ಮರ ಆರಿಸಿಕೊಂಡು, ಅದರ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ದಾಖಲಿಸುತ್ತಾರೆ. ಹವಾಮಾನ ಬದಲಾದಂತೆ ಮರಗಳ ಋತುಮಾನ ಹೇಗೆ ಬದಲಾಗುತ್ತಿದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ಈ ಮಾಹಿತಿ ಬೇಕು.

ಶಾಲೆಯ ಪಂಚಾಂಗ

ನಮ್ಮ ಶಾಲೆಗಳ ವರ್ಷವೂ ಮುಂಗಾರೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುವುದು ತೋಟಕ್ಕೆ ವರವೇ ಸರಿ. ಜೂನ್‌ನಲ್ಲಿ ಬಿತ್ತಿದ ಹರಿವೆ ಸೊಪ್ಪು ಒಂದು ತಿಂಗಳಿಗೆಲ್ಲ ಕೊಯ್ಲಿಗೆ ಬರುತ್ತದೆ. ಬೆಂಡೆ, ಅಲಸಂದೆ ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಕಾಯಿ ಕಚ್ಚಿರುತ್ತವೆ. ಮಳೆಗಾಲದಲ್ಲೇ ಬೇಲಿಗೆ ಹಬ್ಬಿಸಿದ ನಾಟಿ ಅವರೆ ಹಗಲು ಕಿರಿದಾಗುವವರೆಗೂ ಹೂವಿಗೆ ಕಾಯುತ್ತದೆ. ಜನವರಿಯಲ್ಲಿ ಬಸವನಗುಡಿ ಸೀಮೆಯಲ್ಲಿ ಅವರೆಬೇಳೆ ಮೇಳ ನಡೆಯುವಾಗ ಶಾಲೆಯ ಬೇಲಿಯಲ್ಲೂ ಸೊಗಡಿನ ಕಾಯಿ ತೂಗುತ್ತಿರುತ್ತದೆ.

ಶಾಲಾ ತೋಟಗಳು ಸೋಲುವುದು ಏಪ್ರಿಲ್–ಮೇ ರಜೆಯಲ್ಲಿ. ಇದಕ್ಕೆ ಮಾರ್ಚ್‌ನಲ್ಲೇ ಸಿದ್ಧತೆ ಬೇಕು: ತರಕಾರಿ ಮಡಿಗಳನ್ನು ಖಾಲಿ ಮಾಡಿ ಗೇಣುದ್ದ ತರಗೆಲೆ ಹೊದಿಸುವುದು, ಹಣ್ಣಿನ ಸಸಿಗಳ ಬುಡಕ್ಕೆ ತಳದಲ್ಲಿ ಬತ್ತಿ ಹಾಕಿದ ಮಣ್ಣಿನ ಮಡಕೆ ಹೂಳುವುದು, ಅವನ್ನು ತುಂಬಿಸುವ ಸರದಿಯನ್ನು ಹತ್ತಿರದ ಮನೆಗಳ ಮಕ್ಕಳಿಗೆ, ಹಿರಿಯರಿಗೆ ಹಂಚುವುದು. ಈ ಶ್ರಮ ಮೊದಲ ಎರಡು ಮೂರು ಬೇಸಿಗೆಗೆ. ಬೇರು ಆಳಕ್ಕಿಳಿದ ಹೊಂಗೆ, ನೆಲ್ಲಿ ಆಮೇಲೆ ತಮ್ಮ ಪಾಡಿಗೆ ತಾವು ಇರುತ್ತವೆ. ರಜೆಯಲ್ಲೇ ಪೈಪು, ಇಂಗುಗುಂಡಿ, ಎಲೆತೊಟ್ಟಿಯ ಕೆಲಸವೂ ಮುಗಿಯಲಿ. ಸಸಿಗಳಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿವೆ, ಲಾಲ್‌ಬಾಗ್‌ನೊಳಗಿನ ನರ್ಸರಿಮೆನ್ ಕೋಆಪರೇಟಿವ್ ಸೊಸೈಟಿಯಿದೆ. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಸಸಿ ತರುವ ಹೊತ್ತಿಗೆ ಇಷ್ಟು ಸಿದ್ಧವಿದ್ದರೆ, ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಡುವ ಕೆಲಸ ತಪ್ಪುತ್ತದೆ.