ಬೆಳಕು ನಡೆಸುವ ವಾಲ್ಯೂಮ್ ಪೆಡಲ್

ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರ ಬಲಗಾಲು ಸುಮ್ಮನೆ ಕೂರುವುದೇ ಅಪರೂಪ. ಮೀಟಿದ ತಂತಿಯ ನಾದ ಇಳಿಯುತ್ತಿದ್ದಂತೆ ಅವರು ವಾಲ್ಯೂಮ್ ಪೆಡಲನ್ನು ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಸ್ವರ ಬಾಡದೆ ಉದ್ದಕ್ಕೆ ನಿಲ್ಲುತ್ತದೆ. ಈ ಪರಿಯ ದುಡಿತಕ್ಕೆ ಮಾಮೂಲಿ ಪೆಡಲ್ ಬೇಗ ಸೋಲುತ್ತದೆ.

ಅದರೊಳಗಿರುವುದು ರೇಡಿಯೋಗಳಲ್ಲಿರುವಂಥ ಪೊಟೆನ್ಶಿಯೋಮೀಟರ್. ದಾರವೋ ಹಲ್ಲುಚಕ್ರವೋ ಅದನ್ನು ತಿರುಗಿಸುತ್ತದೆ. ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತದೆ. ಪಟ್ಟಿ ಸವೆದು ದೂಳು ಕೂತರೆ, ಕಾಲಾಡಿಸಿದಾಗಲೆಲ್ಲ ಸ್ಪೀಕರಿನಲ್ಲಿ ಕರಕರ.

ಆಪ್ಟಿಕಲ್ ಪೆಡಲಿನಲ್ಲಿ ಈ ಉಜ್ಜಾಟವೇ ಇಲ್ಲ. ಒಂದು ಕಡೆ ಪುಟ್ಟ ದೀಪ, ಎದುರಿಗೆ ಎಲ್‌ಡಿಆರ್, ಅಂದರೆ ಬೆಳಕಿಗೆ ತಕ್ಕಂತೆ ವಿದ್ಯುತ್ ರೋಧ ಬದಲಿಸುವ ಸೆನ್ಸರ್. ಕತ್ತಲಾದೊಡನೆ ಬೀದಿದೀಪ ಹೊತ್ತಿಸುವ ಸರ್ಕ್ಯೂಟುಗಳಲ್ಲೂ ಇರುವ ಬಿಡಿಭಾಗ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತದೆ. ಅದರ ಮೇಲಿನ ಕ್ಯಾಡ್ಮಿಯಂ ಸಲ್ಫೈಡ್ ಲೇಪಕ್ಕೆ ಬೆಳಕು ಬಿದ್ದರೆ ವಿದ್ಯುತ್ ರೋಧ ಕೆಲವು ನೂರು ಓಮ್‌ಗೆ ಇಳಿಯಬಹುದು. ಕತ್ತಲಲ್ಲಿ 10 ಲಕ್ಷ ಓಮ್ ದಾಟಬಹುದು. ದೀಪಕ್ಕೂ ಎಲ್‌ಡಿಆರ್‌ಗೂ ನಡುವೆ ಪೆಡಲಿನ ಹಲಗೆಗೆ ಜೋಡಿಸಿದ ತೆಳು ತಡೆಪಟ್ಟಿ. ಕಾಲು ಮುಂದಕ್ಕೆ ಒತ್ತಿದಂತೆ ಪಟ್ಟಿ ಸರಿಯುತ್ತದೆ, ಬೆಳಕು ಹೆಚ್ಚುತ್ತದೆ, ರೋಧ ಇಳಿದು ಗಿಟಾರಿನ ಸಿಗ್ನಲ್ ಹೆಚ್ಚೆಚ್ಚು ದಾಟುತ್ತದೆ.

ನಿಜವಾದ ಕುಶಲತೆ ಇರುವುದು ಆ ಪಟ್ಟಿಯ ಕತ್ತರಿಕೆಯಲ್ಲಿ. ಆಂಪ್ಲಿಫೈಯರಿನ ಶಕ್ತಿ 10 ಪಟ್ಟಾದರೂ ನಮ್ಮ ಕಿವಿಗೆ ಸದ್ದು ಸುಮಾರು 2 ಪಟ್ಟಾದಂತೆ ಮಾತ್ರ ಕೇಳಿಸುತ್ತದೆ. ಹಾಗಾಗಿ ಬೆಳಕನ್ನು ಸಮಸಮವಾಗಿ ಬಿಟ್ಟರೆ ಸಾಲದು. ಪಟ್ಟಿಯ ಅಂಚಿನ ಓರೆ ಕಿವಿಗೆ ಒಪ್ಪುವಂತಿರಬೇಕು. ಇಲ್ಲದಿದ್ದರೆ ಮೊದಲ ಅರ್ಧ ಇಂಚಿಗೇ ಸದ್ದು ಧುಮುಕಿ ಬರುತ್ತದೆ, ಉಳಿದ ಒತ್ತು ದಂಡ.

ಅಮೆರಿಕದ ಲುಬೋ ಸಹೋದರರ ಮೊರ್ಲಿ ಪೆಡಲುಗಳು ಬೆಳಕಿನ ಈ ಉಪಾಯಕ್ಕೆ ಹೆಸರಾದವು. ಹಳೆಯವುಗಳಲ್ಲಿ ಉರಿಯುತ್ತಿದ್ದುದು ಬಲ್ಬು. ಬಲ್ಬು ಸುಟ್ಟರೆ ಪೆಡಲೂ ಮೂಕ. ಈಗ ಆ ಜಾಗದಲ್ಲಿ ಎಲ್‌ಇಡಿ ಬಂದಿದೆ. ಎಲ್‌ಡಿಆರ್‌ಗೂ ಒಂದು ಸೋಮಾರಿತನವಿದೆ: ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತದೆ, ಕತ್ತಲಿಗೆ ನಿಧಾನ. ಕೆಲವು ತಯಾರಕರು ಅದನ್ನು ಬಿಟ್ಟು ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಫೋಟೋಟ್ರಾನ್ಸಿಸ್ಟರ್ ಬಳಸುತ್ತಾರೆ. ಅಲ್ಲಿ ಸಂಗೀತದ ಸಿಗ್ನಲ್ ಬೆಳಕಿನ ಸೆನ್ಸರನ್ನು ಹಾಯುವುದೇ ಇಲ್ಲ. ಸೆನ್ಸರ್ ಕೊಡುವ ವೋಲ್ಟೇಜು ಬೇರೊಂದು ಆಂಪ್ಲಿಫೈಯರಿನ ಕಿವಿ ಹಿಂಡುತ್ತದೆ, ಅಷ್ಟೇ.

ದೀಪ ಉರಿಯಬೇಕೆಂದ ಮೇಲೆ ವಿದ್ಯುತ್ ಬೇಕೇ ಬೇಕು. ಸಾದಾ ಪ್ಯಾಸಿವ್ ಪೆಡಲಿಗೆ ಆ ಹಂಗಿಲ್ಲ. ಹಾಡಿಗೊಮ್ಮೆ ಸದ್ದು ಏರಿಸಿ ಇಳಿಸುವವರಿಗೆ ಅದೇ ಸಾಕು. ಕಾಲನ್ನು ಬಿಡುವಿಲ್ಲದೆ ಆಡಿಸುವವರು ಆಪ್ಟಿಕಲ್ ಕೊಳ್ಳಲಿ. ಜತೆಗೆ ಅಡಾಪ್ಟರನ್ನು ಮರೆಯದಿರಲಿ.