ಜೀಪಿನ ಲೈಟು ಮಂಕಾದದ್ದು ಯಾಕೆ?

"ಸರ್, ಬಲ್ಬು ಹೊಸತು, ಬ್ಯಾಟರಿಯೂ ಹೊಸತು. ಆದ್ರೂ ಲೈಟು ಚಿಮಿಣಿ ದೀಪದ ಹಾಗೆ ಉಂಟು. ಯಾಕೆ?"

ಓಮ್ ನಿಯಮದ ಪಾಠ ಮುಗಿಸಿ ಪುಸ್ತಕ ಮುಚ್ಚುವಾಗ ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅವನ ಅಪ್ಪ ಹಳೆಯ ಜೀಪು ಓಡಿಸುತ್ತಾರೆ. ನಮ್ಮ ಕಾಸರಗೋಡಿನ ಮೂಡುಭಾಗದ ಗುಡ್ಡಗಳಲ್ಲಿ ಬಸ್ಸು ಹತ್ತದ ದಾರಿಗಳು ಈಗಲೂ ಉಂಟಲ್ಲ, ಅಲ್ಲಿ ಅಡಿಕೆ ಗೋಣಿಗೂ ಜೀಪೇ ಬೇಕು, ನಡುರಾತ್ರಿ ಹೆರಿಗೆ ನೋವು ಬಂದವರಿಗೂ ಜೀಪೇ ಬೇಕು. ಜೂನ್ ತಿಂಗಳ ಮಳೆಯಲ್ಲಿ, ಒಂದು ಬದಿ ಬರೆ, ಇನ್ನೊಂದು ಬದಿ ತೋಡು ಇರುವ ದಾರಿಯಲ್ಲಿ ಮಂಕು ಲೈಟು ಇಟ್ಟುಕೊಂಡು ಗಾಡಿ ಇಳಿಸುವುದೆಂದರೆ ಸಣ್ಣ ಸಂಗತಿಯಲ್ಲ. ಅವರು ಮೊದಲು ಎರಡೂ ಬಲ್ಬು ಬದಲಿಸಿದರಂತೆ. ಆಮೇಲೆ ಸಾಲ ಮಾಡಿ ಬ್ಯಾಟರಿ ತಂದರಂತೆ. ಲೈಟು ಮಾತ್ರ ಇದ್ದ ಹಾಗೇ ಇತ್ತು.

"ವಯರಿಂಗ್ ನೋಡಿಸಿದ್ರಾ?" ಎಂದು ಕೇಳಿದೆ. ನೋಡಿಸಿದ್ದರಂತೆ. ನೋಡಿದವರು ಬಲ್ಬಿನ ಪ್ಲಗ್ಗು ಕಳಚಿ, ಅದರ ತುದಿಗೆ ಮೀಟರ್ ಹಿಡಿದು, "ಇಲ್ಲಿ 12.6 ವೋಲ್ಟ್ ಬರ್ತಾ ಉಂಟು, ವಯರ್ ಸರಿ ಉಂಟು" ಎಂದಿದ್ದರು.

ತಪ್ಪು ನಡೆದದ್ದು ಅಲ್ಲೇ. ಮೀಟರ್ ಸುಳ್ಳು ಹೇಳಿರಲಿಲ್ಲ, ಕೇಳಿದ ಪ್ರಶ್ನೆ ಸರಿ ಇರಲಿಲ್ಲ.

ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾದೀತು. ಸ್ಪ್ರಿಂಕ್ಲರಿನ ಪೈಪಿನೊಳಗೆ ಎಲ್ಲೋ ಕಸ ಸಿಕ್ಕಿಕೊಂಡಿದೆ ಎಂದಿಟ್ಟುಕೊಳ್ಳಿ. ತುದಿಯ ವಾಲ್ವ್ ಮುಚ್ಚಿದ್ದರೆ ಅಲ್ಲಿಯೂ ಟಾಂಕಿಯ ಪೂರ್ತಿ ಒತ್ತಡ ಇರುತ್ತದೆ, ಏಕೆಂದರೆ ನೀರು ಹರಿಯುತ್ತಿಲ್ಲ. ವಾಲ್ವ್ ತೆರೆದು ನೀರು ಹರಿಯತೊಡಗಿದಾಗ ಮಾತ್ರ ಕಸ ತಡೆಯುತ್ತದೆ, ತುದಿಯಲ್ಲಿ ಒತ್ತಡ ಬಿದ್ದುಹೋಗುತ್ತದೆ. ವಿದ್ಯುತ್ತಿನಲ್ಲಿಯೂ ಹೀಗೆಯೇ. V = I × R ಎಂಬಲ್ಲಿ I ಸೊನ್ನೆಯಾದರೆ, R ಎಷ್ಟೇ ಇದ್ದರೂ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಸೊನ್ನೆ. ಪ್ಲಗ್ಗು ಕಳಚಿದಾಗ ಪ್ರವಾಹವೇ ಇಲ್ಲ (ಮೀಟರ್ ಎಳೆಯುವ ಪ್ರವಾಹ ಲೆಕ್ಕಕ್ಕೆ ಸಿಗದಷ್ಟು ಕಡಿಮೆ). ಹಾಗಾಗಿ ತುಕ್ಕು ಹಿಡಿದ ವಯರೂ ಆಗ ಹೊಸ ವಯರಿನ ಹಾಗೆ ಕಾಣುತ್ತದೆ. ಅಳೆಯಬೇಕಾದದ್ದು ಲೈಟು ಉರಿಯುತ್ತಿರುವಾಗ.

ಒಂದು ಶನಿವಾರ ಜೀಪು ಶಾಲೆಯ ಅಂಗಳಕ್ಕೆ ಬಂತು. ಇಂಜಿನ್ ನಿಲ್ಲಿಸಿ, ಲೈಟನ್ನು ಡಿಪ್ಪಿಗೆ ಹಾಕಿ, ಪ್ಲಗ್ಗನ್ನು ಕಳಚದೆ ಅದರ ಹಿಂಬದಿಯಿಂದ ಮೀಟರಿನ ಕಡ್ಡಿ ತಾಗಿಸಿ ಅಳೆದೆವು. ಬ್ಯಾಟರಿಯ ಎರಡು ತುದಿಗಳ ನಡುವೆ 12.3 ವೋಲ್ಟ್ ಇತ್ತು. ಎಡದ ಬಲ್ಬಿಗೆ ಸಿಗುತ್ತಿದ್ದದ್ದು 10.9, ಬಲದ್ದಕ್ಕೆ ಬರೇ 9.8.

"ಎರಡೂವರೆ ವೋಲ್ಟ್ ಹೋದ್ರೆ ಇಷ್ಟು ಮಂಕಾಗ್ತದಾ ಮಾಷ್ಟ್ರೇ?" ಎಂದು ಜೀಪಿನವರು ಕೇಳಿದರು. ಒಳ್ಳೆಯ ಪ್ರಶ್ನೆ. 12.3ರಲ್ಲಿ 2.5 ಎಂದರೆ ಐದನೇ ಒಂದು ಪಾಲು. ಬೆಳಕೂ ಐದನೇ ಒಂದು ಪಾಲು ಕಡಿಮೆಯಾಗಬೇಕಿತ್ತಲ್ಲ? ಹಾಗಾಗುವುದಿಲ್ಲ. ಫಿಲಮೆಂಟಿನ ಟಂಗ್‌ಸ್ಟನ್ ತಂತಿ ಬೆಳಗುವುದು ಕಾದದ್ದರಿಂದ. ವೋಲ್ಟೇಜ್ ಇಳಿದರೆ ಅದರ ಉಷ್ಣತೆ ಇಳಿಯುತ್ತದೆ, ಆಗ ಹೊರಗೆ ಬರುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಇನ್ನಷ್ಟು ಕುಗ್ಗಿ, ಕಾಣದ ಅವಕೆಂಪು ಕಿರಣಗಳ ಪಾಲು ಹೆಚ್ಚುತ್ತದೆ. ಮಂಕಾದ ಲೈಟು ಹಳದಿ ಕೆಂಪಾಗಿ ಕಾಣುವುದು ಇದರಿಂದಲೇ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಬಲ್ಬು ತಯಾರಿಸುವವರು ಬಳಸುವ ಲೆಕ್ಕ. ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಶೇಕಡಾ 30 ಕಡಿಮೆ! ನಮ್ಮ ಜೀಪಿನಲ್ಲಿ ಎಡದ ಬಲ್ಬು ಕೊಡಬೇಕಾದ ಬೆಳಕಿನ ಮೂರನೇ ಎರಡು ಪಾಲು ಕೊಡುತ್ತಿತ್ತು, ಬಲದ್ದು ಅರ್ಧಕ್ಕಿಂತಲೂ ಕಡಿಮೆ. ಕ್ಯಾಲ್ಕುಲೇಟರಿನಲ್ಲಿ ನೀವೇ ಲೆಕ್ಕ ಮಾಡಿ ನೋಡಿ.

ಇನ್ನು ಕಳ್ಳನನ್ನು ಹಿಡಿಯಬೇಕು. ಮೀಟರನ್ನು ವೋಲ್ಟಿನಲ್ಲೇ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿಯನ್ನು ಉರಿಯುತ್ತಿರುವ ಬಲ್ಬಿಗೆ ಕರೆಂಟು ಬರುವ ಪಿನ್ನಿಗೆ ತಾಗಿಸಿದೆವು. ಈಗ ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನು ಮಾತ್ರ. ಎಡಕ್ಕೂ ಬಲಕ್ಕೂ 1.3 ವೋಲ್ಟ್. ಹಾಗಾದರೆ ಬಲದಲ್ಲಿ ಉಳಿದ 1.2 ಎಲ್ಲಿ ಹೋಯಿತು?

ಜೀಪಿನಲ್ಲಿ ಕರೆಂಟು ಹಿಂದೆ ಹೋಗಲು ಬೇರೆ ವಯರ್ ಬ್ಯಾಟರಿಯವರೆಗೆ ಎಳೆದಿರುವುದಿಲ್ಲ. ಬಲ್ಬಿನಿಂದ ಒಂದು ತುಂಡು ವಯರ್ ಹತ್ತಿರದ ತಗಡಿಗೆ ಸ್ಕ್ರೂ ಆಗಿರುತ್ತದೆ, ಅಲ್ಲಿಂದ ಗಾಡಿಯ ಕಬ್ಬಿಣದ ಮೈಯೇ ವಯರ್. ಇದನ್ನೇ 'ಬಾಡಿ ಅರ್ತ್' ಎನ್ನುವುದು. ನಮ್ಮೂರಿನ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಆ ಸ್ಕ್ರೂ ಎಷ್ಟು ವರ್ಷ ತಡೆದೀತು? ಬಲ್ಬಿನ ಅರ್ತ್ ಪಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಅಳೆದಾಗ ಎಡದಲ್ಲಿ 0.1, ಬಲದಲ್ಲಿ 1.2 ವೋಲ್ಟ್. ಸಿಕ್ಕಿತು! ಎಡದಲ್ಲಿ 1.3 + 0.1 = 1.4, ಬಲದಲ್ಲಿ 1.3 + 1.2 = 2.5. ಲೆಕ್ಕ ಸರಿಹೋಯಿತು. ಸರ್ಕೀಟಿನ ವೋಲ್ಟೇಜುಗಳನ್ನು ಕೂಡಿದರೆ ಬ್ಯಾಟರಿಯ ವೋಲ್ಟೇಜೇ ಬರಬೇಕು ಎಂದು ಬೋರ್ಡಿನಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಹುಡುಗರು ಅದನ್ನು ನಂಬಿದ್ದು ಅವತ್ತೇ ಅನಿಸುತ್ತದೆ.

ಆ ತುಕ್ಕಿನ ಪ್ರತಿರೋಧ ಎಷ್ಟು? ಹರಿಯುತ್ತಿದ್ದದ್ದು ಸುಮಾರು 4 ಆಂಪಿಯರ್, 1.2 ÷ 4 = 0.3 ಓಮ್. ಅಷ್ಟೇ. ಅಗ್ಗದ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ ಹೆಚ್ಚುಕಡಿಮೆ ಅಷ್ಟು ತೋರಿಸುತ್ತದೆ. ಆದ್ದರಿಂದ ಓಮ್ ಅಳತೆಯಲ್ಲಿ ಹುಡುಕಿದರೆ ಈ ದೋಷ ಸಿಗುವುದೇ ಕಷ್ಟ. ಮತ್ತೊಂದು ಸಂಗತಿ: 1.2 × 4 ಅಂದರೆ ಸುಮಾರು 5 ವಾಟ್ ಆ ಸ್ಕ್ರೂವಿನಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಮುಟ್ಟಿ ನೋಡಿದ ಹುಡುಗಿಯೊಬ್ಬಳು "ಬಿಸಿ ಉಂಟು ಸರ್" ಎಂದಳು.

ಪ್ಲಸ್ ಬದಿಯ 1.3 ವೋಲ್ಟ್ ಒಂದೇ ಕಡೆ ಇರಲಿಲ್ಲ. ಲೈಟಿನ ಸ್ವಿಚ್ಚಿನಲ್ಲಿ 0.3, ಬೇರೆ ಬೇರೆ ವಯರುಗಳಲ್ಲಿ ಒಟ್ಟು 0.4, ಕಾಲಿನಲ್ಲಿ ಒತ್ತುವ ಡಿಪ್ಪರ್ ಸ್ವಿಚ್ಚಿನಲ್ಲಿ 0.6. ಹಳೆಯ ಜೀಪುಗಳಲ್ಲಿ ಡಿಪ್ಪರ್ ಇರುವುದು ನೆಲದಲ್ಲಿ. ಮಳೆಗಾಲದ ಕೆಸರು ಕಾಲು ಬೀಳುವುದೂ ಅಲ್ಲಿಗೇ. ಎರಡೂ ಬಲ್ಬಿನ ಪ್ರವಾಹ ಅದೊಂದರ ಮೂಲಕವೇ ಹಾದುಹೋಗಬೇಕು.

ಅರ್ತಿನ ಸ್ಕ್ರೂ ಪೂರ್ತಿ ಬಿಟ್ಟುಹೋದರೆ ಇನ್ನೂ ತಮಾಷೆ. ಡಿಪ್ಪಿನ ಫಿಲಮೆಂಟಿಗೆ ಬಂದ ಕರೆಂಟು ಅರ್ತ್ ಸಿಗದೆ, ಅದೇ ಬಲ್ಬಿನ ಬ್ರೈಟ್ ಫಿಲಮೆಂಟಿನಲ್ಲಿ ಹಿಂದಕ್ಕೆ ಹರಿದು, ಬ್ರೈಟಿನ ವಯರಿನಲ್ಲಿ ಇನ್ನೊಂದು ಬದಿಯ ಬಲ್ಬಿಗೆ ಹೋಗಿ ಅಲ್ಲಿ ಅರ್ತ್ ಆಗುತ್ತದೆ. ಮೂರು ಫಿಲಮೆಂಟು ಶ್ರೇಣಿಯಲ್ಲಿ! ಡಿಪ್ಪಿನಲ್ಲಿರುವಾಗಲೂ ಡ್ರೈವರಿನ ಎದುರು ಬ್ರೈಟಿನ ನೀಲಿ ದೀಪ ಮಿಣಿಮಿಣಿ ಎನ್ನುತ್ತಿದ್ದರೆ ಮೊದಲು ಅರ್ತ್ ನೋಡಿ.

ಎಲ್ಲ ಮಂಕು ಲೈಟಿಗೂ ಇದೇ ಕಾರಣ ಎಂದುಕೊಳ್ಳಬೇಡಿ. ಎರಡೂ ಲೈಟು ಸಮನಾಗಿ ಮಂಕಾಗಿದ್ದು, ಎಕ್ಸಲರೇಟರ್ ಒತ್ತಿದ ಕೂಡಲೇ ಜೋರಾದರೆ ಸಂಶಯ ಪಡಬೇಕಾದದ್ದು ಬ್ಯಾಟರಿ, ಡೈನಮೋ ಬದಿಯನ್ನು.

ರಿಪೇರಿ ಸುಲಭವಾಗಿಯೇ ಮುಗಿಯಿತು. ಅರ್ತಿನ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಕಬ್ಬಿಣ ಹೊಳೆಯುವಂತೆ ಮಾಡಿ, ಹೊಸ ವಯರ್ ಬಿಗಿದು ಮೇಲೆ ಗ್ರೀಸ್ ಹಚ್ಚಿದರು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವಯರ್ ತಂದು ರಿಲೇ ಕೂರಿಸಿದರು. ರಿಲೇ ಎಂದರೆ ನಿಮ್ಮ ಪಾಠದ ವಿದ್ಯುತ್ಕಾಂತವೇ: ಹಳೆಯ ಸ್ವಿಚ್ಚುಗಳು ಈಗ ಅದರ ಸುರುಳಿಗೆ ಕಾಲು ಆಂಪಿಯರಿಗಿಂತ ಕಡಿಮೆ ಕರೆಂಟು ಕೊಟ್ಟರೆ ಸಾಕು, ಬಲ್ಬಿನ ದೊಡ್ಡ ಪ್ರವಾಹ ರಿಲೇಯ ಒಳಗಿನ ಸಂಪರ್ಕದಲ್ಲಿ ನೇರವಾಗಿ ಹೋಗುತ್ತದೆ. ಈ ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಕಳಚಿಟ್ಟರು. 12 ವೋಲ್ಟ್ ಶಾಕ್ ಹೊಡೆಯದು, ನಿಜ. ಆದರೆ ಸ್ಪಾನರ್ ಅಡ್ಡ ಬಿದ್ದು ಶಾರ್ಟ್ ಆದರೆ ಕೈ ಸುಡುವಷ್ಟು ಪ್ರವಾಹ ಹರಿಯುತ್ತದೆ. ನೀವು ನೋಡುವುದಾದರೂ ದೊಡ್ಡವರು ಜತೆಗಿರಲಿ, ಕೈಯಲ್ಲಿ ಉಂಗುರ ಬಳೆ ಬೇಡ.

"ಇದಕ್ಕಿಂತ ನೂರು ವಾಟಿನ ಬಲ್ಬು ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದು ನೋಡಲು ಬಂದವರೊಬ್ಬರು ಕೇಳಿದರು. ಹಲವರು ಮಾಡುವುದೂ ಅದನ್ನೇ. 60 ವಾಟಿನ ಜಾಗದಲ್ಲಿ 100 ಹಾಕಿದರೆ ಪ್ರವಾಹ 5 ಆಂಪಿಯರಿನಿಂದ ಎಂಟಕ್ಕೂ ಮೇಲೆ ಏರುತ್ತದೆ. ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜೂ ಅದೇ ಅನುಪಾತದಲ್ಲಿ ಏರುತ್ತದೆ. ಬಿಸಿಯೋ, ಜೂಲ್ ನಿಯಮದಂತೆ ಪ್ರವಾಹದ ವರ್ಗಕ್ಕೆ ತಕ್ಕಂತೆ, ಎರಡೂವರೆ ಪಟ್ಟಿಗೂ ಹೆಚ್ಚು. ಹಳೆಯ ವಯರಿನ ಪ್ಲಾಸ್ಟಿಕ್ ಕರಗಿದರೆ ಆಶ್ಚರ್ಯವಿಲ್ಲ.

ಕೊನೆಗೆ ಅಳೆದಾಗ ಎರಡೂ ಬಲ್ಬಿಗೆ 11.9 ವೋಲ್ಟ್ ಸಿಗುತ್ತಿತ್ತು. ಸಂಜೆ ಕತ್ತಲಾದ ಮೇಲೆ ಶಾಲೆಯ ಗೋಡೆಗೆ ಲೈಟು ಬಿಟ್ಟು ನೋಡಿದೆವು. ಎಡದ್ದು ಬೆಳ್ಳಗೆ ಬಿತ್ತು. ಬಲದ್ದು ಮೊದಲಿಗಿಂತ ಎಷ್ಟೋ ಮೇಲು, ಆದರೂ ಎಡದಷ್ಟಿಲ್ಲ. ಬಿಚ್ಚಿ ನೋಡಿದರೆ ನೀರು ಹೋಗಿ ರಿಫ್ಲೆಕ್ಟರಿನ ಬೆಳ್ಳಿಬಣ್ಣ ಅರ್ಧ ಎದ್ದುಹೋಗಿದೆ. ಅದು ಮೀಟರಿಗೆ ಸಿಗುವ ಕಾಯಿಲೆಯಲ್ಲ. ಬಟ್ಟೆಯಲ್ಲಿ ಉಜ್ಜಲು ಹೊರಟ ಹುಡುಗನನ್ನು ತಡೆದೆವು, ಉಜ್ಜಿದರೆ ಉಳಿದದ್ದೂ ಹೋಗುತ್ತಿತ್ತು. ಬರುವ ವಾರ ಹೊಸತು ಹಾಕಿಸುತ್ತೇನೆ ಎಂದು ಹೇಳಿ ಜೀಪಿನವರು ಮಗನನ್ನು ಹತ್ತಿಸಿಕೊಂಡು ಗುಡ್ಡದ ದಾರಿ ಹಿಡಿದರು.