ಮುಂಬಾಗಿಲು ತರುವ ಮುಂಚೆ

"ಏನಕ್ಕಾ, ಇನ್ನೂ ಮಲಗಿಲ್ವಾ?"

"ಎಲ್ಲಿ ಮಲಗೋದು ತಂಗಿ? ಬಾಗಿಲು ಮುಚ್ಚುತ್ತಾ ಇಲ್ಲ. ಅಗಳಿ ಹಾಕೋಕೆ ಆಗ್ತಿಲ್ಲ. ಮನೇಲಿ ನಾನೂ ಎರಡು ಮಕ್ಕಳೂ ಅಷ್ಟೇ."

ಬೇಸಿಗೆಯಲ್ಲಿ ಸಂಘದ ಸಾಲ ತಂದು ಅಕ್ಕ ಹೊಸ ಬಾಗಿಲು ಹಾಕಿಸಿದ್ದಳು. ಮೊದಲ ಮಳೆಗೇ ಅದು ನೀರು ಕುಡಿದು ಊದಿಕೊಂಡಿತು. ಯಾಕೆ ಹೀಗಾಯಿತು? ಬಾಗಿಲಿನ ಕೆಳಗಿನ ಅಂಚಿಗೆ ಬಣ್ಣವನ್ನೇ ಬಳಿದಿರಲಿಲ್ಲ.

ತೇಗ, ಹಲಸಿನ ಮರದ ಬಾಗಿಲು ಗಟ್ಟಿ. ಆದರೆ ಬೆಲೆ ಹೆಚ್ಚು. ಅದಕ್ಕೇ ಹಲವರು ಪದರ ಅಂಟಿಸಿ ಮಾಡಿದ ಬಾಗಿಲು ತರುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಫ್ಲಶ್ ಡೋರ್ ಅನ್ನುತ್ತಾರೆ. ಒಳಗೆ ಮರದ ಪಟ್ಟಿ, ಎರಡೂ ಕಡೆ ಪ್ಲೈವುಡ್ ಹಾಳೆ. ಮರದ ಪುಡಿಗೆ ಪ್ಲಾಸ್ಟಿಕ್ ಸೇರಿಸಿ ಮಾಡಿದ ಬಾಗಿಲೂ ಉಂಟು. ಅದಕ್ಕೆ ನೀರಿನ ಭಯ, ಗೆದ್ದಲಿನ ಭಯ ಕಡಿಮೆ. ಆದರೆ ಸುಡುಬಿಸಿಲಿಗೆ ಬಾಗಬಹುದು.

ಕೊಳ್ಳುವಾಗ

ಚೌಕಟ್ಟಿನ ಎತ್ತರ, ಅಗಲ ಅಳೆಯಿರಿ. ಚೀಟಿಯಲ್ಲಿ ನೀವೇ ಬರೆದುಕೊಳ್ಳಿ. ಫ್ಲಶ್ ಬಾಗಿಲನ್ನು ಬೆರಳಿನಿಂದ ಅಲ್ಲಲ್ಲಿ ತಟ್ಟಿ ನೋಡಿ. ಡಬಡಬ ಎಂದರೆ ಒಳಗೆ ಟೊಳ್ಳು. ಅದು ಮುಂಬಾಗಿಲಿಗೆ ಬೇಡ. ದಪ್ಪ 30ರಿಂದ 35 ಮಿಲಿಮೀಟರ್ ಇರಲಿ. ಐಎಸ್‌ಐ ಗುರುತು ಹುಡುಕಿ. ಜೊತೆಗೆ 2202 ಎಂಬ ಅಂಕಿ ಇರಬೇಕು. ಅದು ಒಳಗೆ ಗಟ್ಟಿಯಾಗಿರುವ ಫ್ಲಶ್ ಬಾಗಿಲಿನ ಸಂಖ್ಯೆ. "ನೀರು ತಡೆಯುವ ಅಂಟಿನದು ಕೊಡಿ" ಎಂದು ಕೇಳಿ. ರಸೀದಿಯಲ್ಲೂ ಹಾಗೆಯೇ ಬರೆಸಿ. ಓದಿ ನೋಡಿ, ಆಮೇಲೆ ದುಡ್ಡು ಕೊಡಿ.

ಕೂರಿಸುವಾಗ

ಚೌಕಟ್ಟು ನೆಟ್ಟಗಿದೆಯೇ ಎಂದು ಬಡಗಿ ತೂಕದ ಗುಂಡು ಬಿಟ್ಟು ನೋಡಲಿ. ಭಾರದ ಬಾಗಿಲಿಗೆ ಮೂರು ಕೀಲು ಬೇಕು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಎರಡು ನಾಣ್ಯ ಸೇರಿಸಿ ಹಿಡಿದಷ್ಟು ಸಂದು ಇರಲಿ. ಬಾಗಿಲನ್ನು ಅರ್ಧ ತೆರೆದು ಕೈಬಿಡಿ. ಅದು ನಿಂತಲ್ಲೇ ನಿಲ್ಲಬೇಕು. ತಾನಾಗಿಯೇ ಓಡಾಡಿದರೆ ಕೂರಿಸಿದ್ದು ಸರಿಯಿಲ್ಲ.

ಬಣ್ಣ ಬಳಿಯುವಾಗ

ಅಳತೆ ಸರಿಹೋದ ಮೇಲೆ ಬಾಗಿಲನ್ನು ಒಮ್ಮೆ ಕಳಚಬೇಕು. ಸ್ಯಾಂಡ್ ಪೇಪರಿನಿಂದ ಉಜ್ಜಿ, ದೂಳು ಒರೆಸಬೇಕು. ಮೊದಲು ಪ್ರೈಮರ್ ಒಂದು ಸಲ, ಆಮೇಲೆ ಬಣ್ಣ ಎರಡು ಸಲ. ಪ್ರತಿ ಸಲವೂ ಚೆನ್ನಾಗಿ ಒಣಗಲಿ. ಬಾಗಿಲಿಗೆ ಮುಖ ಎರಡು, ಅಂಚು ನಾಲ್ಕು. ಒಟ್ಟು ಆರು. ಆರಕ್ಕೂ ಬಣ್ಣ ಬೇಕು. ಬಡಗಿ ಹೆರೆದ ಜಾಗವನ್ನು ಮರೆಯಬೇಡಿ. ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಬಾಗಿಲು ಈಗಾಗಲೇ ಕೂರಿಸಿ ಆಗಿದೆಯೇ? ಅದರ ಕೆಳಗೆ ಕೈಗನ್ನಡಿ ಹಿಡಿಯಿರಿ. ಅಂಚಿಗೆ ಬಣ್ಣ ಇದೆಯೋ ಇಲ್ಲವೋ ಕಾಣುತ್ತದೆ.

ಅಕ್ಕ ಮಳೆ ನಿಂತು ಬಾಗಿಲು ಒಣಗುವವರೆಗೆ ಕಾದಳು. ಆಮೇಲೆ ಕಳಚಿಸಿ, ಹೆರೆಸಿ, ಆರೂ ಕಡೆ ಬಣ್ಣ ಬಳಿಸಿದಳು. ಕೆಳಗಿನ ಅಂಚನ್ನು ತಾನೇ ಬಗ್ಗಿ ನೋಡಿದಳು.

ಈಗ ಅಗಳಿ ಸಲೀಸಾಗಿ ಬೀಳುತ್ತದೆ. ಅಕ್ಕನಿಗೆ ಕಣ್ತುಂಬ ನಿದ್ದೆ.